ಗಾಳಿ ತಂಪಾಗಿದೆ ಅಂತ ಬಿಸಿಲು ಸುಮ್ಮನಿರುವುದಿಲ್ಲ

(ಕಾರವಾರದ ಒಂದು ಮಹಿಳಾ ಸಂಘದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಮೀನು ಒಣಗಿಸುವ, ಮಾರುವ ಹೆಂಗಸರು, ದೇವಬಾಗದ ಕಡೆ ದೋಣಿ ನಡೆಸುವ ಹುಡುಗರು, ಘಟ್ಟದ ಮೇಲಿಂದ ಬಂದ ಕೆಲವು ನೆಂಟರು ಎದುರಿಗೆ ಕೂತಿದ್ದರು. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸಂಘದವರು ನನಗೆ ಕೊಟ್ಟ ವಿಷಯ, ಬಿಸಿಲಿಗೆ ಚರ್ಮ ಸುಟ್ಟರೆ ಮನೆಮದ್ದು. ನರ್ಸ್ ಆಗಿ ದುಡಿದು ನಿವೃತ್ತಳಾದವಳು ನಾನು. ನನ್ನಂಥವಳು ಮನೆಮದ್ದಿನ ಬಗ್ಗೆ ಮಾತಾಡುತ್ತಾಳೆ ಅಂದರೆ ಜನ ಎರಡರಲ್ಲಿ ಒಂದನ್ನು ಕಾಯುತ್ತಾರೆ. ಒಂದೋ ಎಲ್ಲ ಸುಳ್ಳು ಅಂತ ಬೈಯುತ್ತಾಳೆ, ಇಲ್ಲ ಅಜ್ಜಿ ಹೇಳಿದ್ದೆಲ್ಲ ಸರಿ ಅಂತ ಹೊಗಳುತ್ತಾಳೆ. ನನಗೆ ಎರಡೂ ಬೇಡ. ಉರಿ ಇಳಿಸುವ ಸಾಮಾನು ನಮ್ಮ ಅಡುಗೆಮನೆಯಲ್ಲಿ ಇದೆ. ಉರಿ ಏರಿಸುವ ಸಾಮಾನೂ ಅದೇ ಕಪಾಟಿನಲ್ಲಿ, ಪಕ್ಕದ ಡಬ್ಬದಲ್ಲೇ ಇದೆ. ಯಾವುದು ಯಾವುದು ಅಂತ ಹೇಳುತ್ತೇನೆ. ಆದರೆ ಮೊದಲು ಬಿಸಿಲಿನ ಕಡೆಯಿಂದ ಶುರು ಮಾಡಬೇಕು. ಅದು ಹೇಗೆ ಸುಡುತ್ತದೆ ಅಂತ ಗೊತ್ತಿಲ್ಲದೆ ಮದ್ದು ಹಚ್ಚಿದರೆ ಪ್ರಯೋಜನ ಕಡಿಮೆ.

ಬಿಸಿಲಿಗೆ ಚರ್ಮ ಸುಡುವುದು ಶಾಖದಿಂದ ಅಲ್ಲ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ, ಯಾಕೆಂದರೆ ನಾವು ಮಾಡುವ ಮುಕ್ಕಾಲು ಎಡವಟ್ಟು ಇಲ್ಲಿಂದಲೇ ಹುಟ್ಟುತ್ತದೆ. ಒಲೆಯ ಬಿಸಿ ತಾಗಿದರೆ ಕೈ ತಕ್ಷಣ ಹಿಂದೆ ಬರುತ್ತದೆ. ಬಿಸಿಲಿನಲ್ಲಿ ಸುಡುವ ಭಾಗ ಕಣ್ಣಿಗೆ ಕಾಣುವುದಿಲ್ಲ, ಮೈಗೆ ತಿಳಿಯುವುದೂ ಇಲ್ಲ. ಅದಕ್ಕೆ ನೇರಳಾತೀತ ಕಿರಣ ಅನ್ನುತ್ತಾರೆ. ಯುವಿ ಅಂತ ನೀವೂ ಕೇಳಿರುತ್ತೀರಿ. 1801ರಲ್ಲಿ ಜರ್ಮನಿಯ ಯೋಹಾನ್ ರಿಟ್ಟರ್ ಅನ್ನುವವರು ಬೆಳಕನ್ನು ಏಳು ಬಣ್ಣವಾಗಿ ಒಡೆದು, ಬೆಳಕು ಬಿದ್ದರೆ ಕಪ್ಪಾಗುವ ಬೆಳ್ಳಿಯ ಲವಣವನ್ನು ಒಂದೊಂದು ಬಣ್ಣದ ಕೆಳಗೂ ಇಟ್ಟು ನೋಡಿದರು. ನೇರಳೆಯ ಆಚೆ, ಬೆಳಕೇ ಇಲ್ಲ ಅನ್ನಿಸುವ ಜಾಗದಲ್ಲಿ ಅದು ಎಲ್ಲಕ್ಕಿಂತ ಬೇಗ ಕಪ್ಪಾಯಿತು. ನಮ್ಮ ಬೆನ್ನು ಸುಡುವುದೂ ಆ ಕಾಣದ ಬೆಳಕಿನಿಂದಲೇ.

ಇದರಲ್ಲಿ ನಮ್ಮ ತನಕ ಬರುವುದು ಎರಡು ಬಗೆ. ಯುವಿಬಿ ಚರ್ಮದ ಮೇಲ್ಪದರದಲ್ಲೇ ನಿಂತು ಅಲ್ಲಿನ ಜೀವಕೋಶಗಳ ಡಿಎನ್‌ಎಯನ್ನು ಕೆಡಿಸುತ್ತದೆ. ಕೆಟ್ಟ ಕೋಶಗಳನ್ನು ತೆಗೆದು ರಿಪೇರಿ ಮಾಡಲು ದೇಹ ಅಲ್ಲಿಗೆ ರಕ್ತ ಹರಿಸುತ್ತದೆ. ಕೆಂಪು, ಬಿಸಿ, ಊತ, ಉರಿ ಎಲ್ಲ ಆ ರಿಪೇರಿಯ ಗದ್ದಲ. ಇನ್ನೊಂದು ಯುವಿಎ. ಅದು ಚರ್ಮದ ಒಳಕ್ಕೆ ಇಳಿಯುತ್ತದೆ. ಅಷ್ಟು ಸುಡುವುದಿಲ್ಲ, ಆದರೆ ಸುಕ್ಕು, ಕಲೆ ಬರಿಸುತ್ತದೆ. ಮಾಮೂಲಿ ಕಿಟಕಿ ಗಾಜು ಯುವಿಬಿಯನ್ನು ತಡೆಯುತ್ತದೆ, ಯುವಿಎಯನ್ನು ಜಾಸ್ತಿ ತಡೆಯುವುದಿಲ್ಲ.

ರಿಪೇರಿ ತಡವಾಗಿ ಶುರುವಾಗುತ್ತದೆ ನೋಡಿ, ಅಲ್ಲೇ ಮೋಸ ಇರುವುದು. ಕೆಂಪಾಗುವುದು 3–5 ತಾಸಿನ ಮೇಲೆ. ಉರಿ ಜೋರಾಗುವುದು 12ರಿಂದ 24 ತಾಸಿನೊಳಗೆ. ಹುಬ್ಬಳ್ಳಿ ಕಡೆಯಿಂದ ರಜೆಗೆ ಬಂದವರು ನಡುಹಗಲು ಟ್ಯಾಗೋರ್ ಬೀಚಿನಲ್ಲಿ ನಕ್ಕು ನಲಿದು, ಸಂಜೆ ಆರಾಮಾಗಿ ಬಸ್ ಹತ್ತುತ್ತಾರೆ. ರಾತ್ರಿ ಅಂಗಿಯ ಕಾಲರ್ ತಾಗಿದರೂ ಪ್ರಾಣ ಹೋದಂತಾಗುತ್ತದೆ. ಬೆಳಿಗ್ಗೆ ಎದ್ದು ಹೋಟೆಲಿನ ಸಾಬೂನು ಸರಿಯಿರಲಿಲ್ಲ, ಉಪ್ಪುನೀರು ಆಗಿಬರಲಿಲ್ಲ ಅಂತ ದೂರುತ್ತಾರೆ. ಉಪ್ಪುನೀರಿಗೆ ಪಾಪ, ಇಲ್ಲದ ಆರೋಪ.

ಶಾಖ ಬೇರೆ, ಸುಡುವ ಬೆಳಕು ಬೇರೆ ಅಂತ ಒಪ್ಪಿದರೆ ನಮ್ಮ ಜಿಲ್ಲೆಯ ಎಷ್ಟೋ ಸಂಗತಿ ಅರ್ಥವಾಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಕಡಲ ಮೇಲಿಂದ ಗಾಳಿ ಬೀಸುತ್ತದೆ, ಸೆಕೆ ಇಲ್ಲ, ಹಿತ ಅನ್ನಿಸುತ್ತದೆ. ಪ್ರವಾಸಿಗರು ಬರುವುದೂ ಆಗಲೇ, ಸುಟ್ಟುಕೊಳ್ಳುವುದೂ ಆಗಲೇ. ಗಾಳಿ ಬೆವರನ್ನು ಒಣಗಿಸಿ ಮೈ ತಂಪು ಮಾಡುತ್ತದೆ, ಯುವಿಯನ್ನು ಹಾರಿಸಿಕೊಂಡು ಹೋಗುವುದಿಲ್ಲ. ಶಿರಸಿಯವರಿಗೂ ಇದೇ ಮಾತು. ನಿಮ್ಮ ಊರು ತಂಪು, ಒಪ್ಪಿದೆ. ಆದರೆ ಎತ್ತರಕ್ಕೆ ಹೋದಷ್ಟೂ ಯುವಿ ಜಾಸ್ತಿ, ಪ್ರತಿ 1000 ಮೀಟರಿಗೆ ಸುಮಾರು ನೂರಕ್ಕೆ ಹತ್ತರಷ್ಟು. ಶಿರಸಿಯ ಎತ್ತರಕ್ಕೆ ಅದು ದೊಡ್ಡ ವ್ಯತ್ಯಾಸ ಅಲ್ಲ, ಆದರೆ ತಂಪು ಅಂತ ಬಿಸಿಲು ಕಡಿಮೆ ಅಂದುಕೊಂಡು ಅಡಿಕೆ ಒಣಗಿಸುವ ಅಟ್ಟದ ಮೇಲೆ ಮಧ್ಯಾಹ್ನವೆಲ್ಲ ಬರಿ ಬೆನ್ನಿನಲ್ಲಿ ನಿಲ್ಲಬೇಡಿ.

ಮೋಡ ಇನ್ನೊಂದು ಮೋಸ. ತೆಳು ಮೋಡದೊಳಗಿಂದ ನೂರಕ್ಕೆ 80ರಷ್ಟು ಯುವಿ ಇಳಿದು ಬರಬಹುದು. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ರಜೆ. ಆಗಸ್ಟ್‌ನಲ್ಲಿ ಬೋಟು ಇಳಿಸುವಾಗ ಎರಡು ತಿಂಗಳು ನೆರಳಿನಲ್ಲಿದ್ದ ಚರ್ಮ ಬಿಸಿಲಿನ ರೂಢಿ ಕಳೆದುಕೊಂಡಿರುತ್ತದೆ. ಮೋಡ ಇದೆಯಲ್ಲ ಅಂತ ಅಂಗಿ ಬಿಚ್ಚಿ ಬಲೆ ಎಳೆಯುತ್ತೀರಿ. ಆಗಸ್ಟ್ ಎರಡನೆಯ ವಾರ ಸೂರ್ಯ ಕಾರವಾರದ ನೆತ್ತಿಯ ಮೇಲೇ ಇರುತ್ತಾನೆ ಅನ್ನುವುದು ನೆನಪಿರಲಿ. ವರ್ಷಕ್ಕೆ ಎರಡು ಸಲ ಹಾಗಾಗುತ್ತದೆ. ಏಪ್ರಿಲ್ ಕೊನೆಗೆ ಒಮ್ಮೆ, ಆಗಸ್ಟ್‌ನಲ್ಲಿ ಇನ್ನೊಮ್ಮೆ. ಆ ದಿನ ನಡುಹಗಲಿಗೆ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಬೀಳುವುದಿಲ್ಲ. ಶಾಲೆಯ ಮಕ್ಕಳಿಗೆ ತೋರಿಸಿ, ಚೆನ್ನಾಗಿರುತ್ತದೆ. ತೋರಿಸಿ ಬೇಗ ಒಳಗೆ ಕರೆದುಕೊಳ್ಳಿ.

ನಡುಹಗಲು ಅಂದೆ. ಕಾರವಾರದಲ್ಲಿ ಅದು 12 ಗಂಟೆಗೆ ಬರುವುದಿಲ್ಲ. ನಮ್ಮ ಗಡಿಯಾರ ಭಾರತದ ನಡುವಿನ ಊರುಗಳಿಗೆ ಹೊಂದಿಸಿದ್ದು. ನಾವು ಪಶ್ಚಿಮದ ಅಂಚಿನಲ್ಲಿದ್ದೇವೆ. ಸೂರ್ಯ ನಮ್ಮ ನೆತ್ತಿಗೆ ಬರುವಾಗ ಗಂಟೆ ಹನ್ನೆರಡೂವರೆ ಆಗಿರುತ್ತದೆ. ಹಾಗಾಗಿ ಜೋರು ಹೊತ್ತು ಹತ್ತೂವರೆಯಿಂದ ಎರಡೂವರೆ. ಒಂದು ಗಂಟೆಯಾಯಿತು, ಬಿಸಿಲು ಇಳಿಯಿತು ಅಂತ ಹೊರಟವರು ಜೋರು ಹೊತ್ತಿನಲ್ಲೇ ಹೊರಟಿರುತ್ತಾರೆ. ಗಡಿಯಾರ ಕೈಯಲ್ಲಿಲ್ಲವಾ? ನಿಮ್ಮ ನೆರಳು ನೋಡಿ. ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಬಿಸಿಲು ಸುಡುವ ಬಿಸಿಲು. ಉದ್ದವಾಗಿದ್ದರೆ ಅಷ್ಟು ಹೆದರಿಕೆ ಬೇಡ. ನನಗೆ ಗೊತ್ತಿರುವ ಅತಿ ಅಗ್ಗದ ಉಪಕರಣ ಇದು.

ಈಗ ಮೊಬೈಲಿನಲ್ಲೂ ಯುವಿ ಸೂಚ್ಯಂಕ ಬರುತ್ತದೆ. ಹವಾಮಾನ ತೋರಿಸುವ ಕಡೆ ಹುಡುಕಿ. 2ರ ತನಕ ಕಡಿಮೆ. 3ರಿಂದಲೇ ಟೋಪಿ, ಕೊಡೆ ಬೇಕು. 8ರಿಂದ ಮೇಲೆ ಬಹಳ ಜೋರು. 11 ಮತ್ತು ಅದರ ಮೇಲೆ ವಿಪರೀತ. ನಮ್ಮ ಕಡೆ ಮಾರ್ಚ್‌ನಿಂದ ಮೇ ತನಕ ನಡುಹಗಲಿಗೆ 11 ದಾಟುವುದು ಮಾಮೂಲು.

ಇನ್ನು ಬಣ್ಣದ ಮಾತು. ನಾವು ಕಪ್ಪು, ನಮಗೆ ಬಿಸಿಲು ಸುಡುವುದಿಲ್ಲ, ಅದೆಲ್ಲ ಗೋವಾಕ್ಕೆ ಬರುವ ಬಿಳಿಯರ ಕಾಯಿಲೆ ಅಂತ ಎಷ್ಟು ಜನ ನನಗೆ ಹೇಳಿದ್ದಾರೋ. ಮೆಲನಿನ್ ಅನ್ನುವ ಕಪ್ಪು ಬಣ್ಣ ನಮಗೆ ರಕ್ಷಣೆ ಕೊಡುತ್ತದೆ, ನಿಜ. ಪೂರ್ತಿ ಕೊಡುವುದಿಲ್ಲ. ಕಪ್ಪು ಚರ್ಮದ ಮೇಲೆ ಕೆಂಪು ಕಾಣುವುದಿಲ್ಲ, ಅಷ್ಟೇ. ಮುಟ್ಟಿದರೆ ಬಿಸಿ ಇರುತ್ತದೆ, ಚರ್ಮ ಬಿಗಿದ ಹಾಗೆ ಆಗುತ್ತದೆ, ಚುರುಗುಟ್ಟುತ್ತದೆ, ನಾಲ್ಕು ದಿನಕ್ಕೆ ಸಿಪ್ಪೆ ಏಳುತ್ತದೆ. ಕನ್ನಡಿ ನೋಡಿ ತೀರ್ಮಾನ ಮಾಡಬೇಡಿ. ಕೈಯ ಹಿಂಭಾಗ ಇಟ್ಟು ನೋಡಿ.

ಸರಿ, ತಡೆಯುವುದು ಹೇಗೆ? ಸನ್‌ಸ್ಕ್ರೀನ್ ಆಮೇಲೆ. ಮೊದಲು ಬಟ್ಟೆ.

ನಿಮ್ಮ ಸೆರಗನ್ನೋ ಮಗನ ಟೀ ಶರ್ಟನ್ನೋ ಬೆಳಕಿಗೆ ಹಿಡಿದು, ಹಿಂದೆ ಕೈ ಇಟ್ಟು ನೋಡಿ. ಬೆರಳುಗಳು ಎಣಿಸುವ ಹಾಗೆ ಕಂಡರೆ ಆ ಬಟ್ಟೆ ಮಾನ ಮುಚ್ಚುತ್ತದೆ, ಬಿಸಿಲು ತಡೆಯುವುದಿಲ್ಲ. ತೊಳೆದು ತೊಳೆದು ಸವೆದ ತೆಳು ಬಿಳಿ ಹತ್ತಿ ಬಟ್ಟೆಯ ಕಥೆ ಇಷ್ಟೇ. ಒದ್ದೆಯಾದರೆ ಇನ್ನೂ ಕಡೆ. ನೀರು ನೂಲಿನ ಸಂದಿ ತುಂಬಿ ಬೆಳಕಿಗೆ ದಾರಿ ಮಾಡುತ್ತದೆ. ಅಂಗಿ ಹಾಕಿಕೊಂಡೇ ಸಮುದ್ರಕ್ಕೆ ಇಳಿದೆ ಸಿಸ್ಟರ್, ಆದರೂ ಭುಜ ಸುಟ್ಟಿತು ಅನ್ನುವವರಿಗೆ ಉತ್ತರ ಇದೇ. ಒತ್ತಾಗಿ ನೇಯ್ದ, ಗಾಢ ಬಣ್ಣದ, ಸಡಿಲವಾದ ಉದ್ದ ತೋಳಿನ ಅಂಗಿ ಒಳ್ಳೆಯದು. ಕಪ್ಪು ಬಟ್ಟೆ ಸೆಕೆ ಅಲ್ವಾ ಅಂತ ಕೇಳುತ್ತೀರಿ. ಸೆಕೆಯೇ. ಹಾಗಾಗಿ ಗಾಢ ನೀಲಿ, ಕಡು ಹಸಿರು ಅಂತ ರಾಜಿ ಮಾಡಿಕೊಳ್ಳಿ.

ಕೊಡೆ. ನಮ್ಮ ಹಳೆಯ ಕಪ್ಪು ಬಟ್ಟೆಯ ಕೊಡೆಯನ್ನು ಮಳೆಗಾಲ ಮುಗಿದ ಕೂಡಲೇ ಅಟ್ಟಕ್ಕೆ ಹಾಕುತ್ತೇವಲ್ಲ, ತಪ್ಪು. ಒಳ್ಳೆಯ ಕಪ್ಪು ಕೊಡೆ ಮೇಲಿಂದ ಬರುವ ಯುವಿಯಲ್ಲಿ ನೂರಕ್ಕೆ 90ರ ಮೇಲೆ ತಡೆಯುತ್ತದೆ. ಬಣ್ಣದ ಪುಟ್ಟ ಫ್ಯಾನ್ಸಿ ಕೊಡೆಗಳು ಅಷ್ಟು ತಡೆಯುವುದಿಲ್ಲ. ಮರಳಿನ ಮೇಲೆ ಕೂತರೆ ಮಾತ್ರ ಕೊಡೆಯೊಂದೇ ಸಾಲದು. ಒಣ ಮರಳು ಬಿದ್ದ ಯುವಿಯಲ್ಲಿ ಸುಮಾರು ನೂರಕ್ಕೆ 15ರಷ್ಟನ್ನು ಮೇಲಕ್ಕೆ ಎಸೆಯುತ್ತದೆ, ತೆರೆಯ ನೊರೆ 25ರಷ್ಟನ್ನು. ಗದ್ದದ ಕೆಳಗೆ, ಮೂಗಿನ ಕೆಳಗೆ ಸುಡುವುದು ಹೀಗೆ. ಸಾಣಿಕಟ್ಟೆಯ ಉಪ್ಪಿನಾಗರದಲ್ಲಿ ದುಡಿಯುವವರಿಗೂ ಇದೇ ಪಾಡು. ತಲೆಗೆ ಎಷ್ಟು ಸುತ್ತಿಕೊಂಡರೂ ಕೆಳಗಿನ ಬಿಳಿ ಉಪ್ಪು, ನಿಂತ ನೀರು ಮುಖಕ್ಕೆ ಬೆಳಕು ಹೊಡೆಯುತ್ತವೆ. ಅಲ್ಲಿ ಮುಖಕ್ಕೂ ಬಟ್ಟೆ ಕಟ್ಟಿಕೊಳ್ಳುವ ಹೆಂಗಸರು ಬುದ್ಧಿವಂತರು.

ಟೋಪಿ ಅಂದರೆ ಕ್ರಿಕೆಟ್ ಟೋಪಿ ಅಲ್ಲ. ಅದು ಹಣೆ, ಮೂಗಿನ ತುದಿ ಬಿಟ್ಟರೆ ಏನನ್ನೂ ಕಾಯುವುದಿಲ್ಲ. ಕಿವಿ, ಕುತ್ತಿಗೆಯ ಹಿಂಭಾಗ ಬಯಲು. ಸುತ್ತಲೂ ಅಂಚಿರುವ ಟೋಪಿ ಬೇಕು, ಅಂಚು ನಾಲ್ಕು ಬೆರಳಿನಷ್ಟಾದರೂ ಇರಲಿ. ಸಿಗದಿದ್ದರೆ ಕ್ರಿಕೆಟ್ ಟೋಪಿಯ ಕೆಳಗೆ ಒಂದು ಟವೆಲ್ ಇಳಿಬಿಡಿ. ಘಟ್ಟದ ಮೇಲಿನವರು ಇಲ್ಲಿದ್ದೀರಿ, ಅದಕ್ಕೇ ಹೇಳುತ್ತೇನೆ. ಅಡಿಕೆ ಮರಕ್ಕೆ ನೈರುತ್ಯದ ಬಿಸಿಲು ಬಡಿದರೆ ಕಾಂಡದಲ್ಲಿ ಹಳದಿ ಕಲೆ ಬಿದ್ದು, ಸೀಳಿ, ಕೊನೆಗೆ ಮರವೇ ಮುರಿಯುತ್ತದೆ ಅಂತ ನಿಮಗೆ ಗೊತ್ತು. ಅದಕ್ಕಾಗಿ ಕಾಂಡಕ್ಕೆ ಸೋಗೆ, ಹಾಳೆ ಕಟ್ಟುತ್ತೀರಿ, ಸುಣ್ಣ ಬಳಿಯುತ್ತೀರಿ, ಆ ದಿಕ್ಕಿಗೆ ನೆರಳಿನ ಮರ ನೆಡುತ್ತೀರಿ. ಮರಕ್ಕೆ ಇಷ್ಟು ಮಾಡುವವರು ನಿಮ್ಮ ಕುತ್ತಿಗೆಗೆ ಒಂದು ಪಂಚೆ ಸುತ್ತಲು ಯಾಕೆ ಸೋಮಾರಿತನ? ಅಡಿಕೆ ಹಾಳೆಯ ಟೋಪಿ ಇದ್ದರೆ ಇನ್ನೂ ಒಳ್ಳೆಯದು. ಹಾಳೆಯ ಮೂಲಕ ಬೆಳಕು ನುಗ್ಗುವುದಿಲ್ಲ.

ಮೀನು ಒಣಗಿಸುವವರಿಗೆ ನನ್ನ ಮಾತು ಸುಲಭವಲ್ಲ ಅಂತ ಗೊತ್ತು. ಮೀನಿಗೆ ಬೇಕಾದ ಬಿಸಿಲೇ ನಿಮಗೆ ಬೇಡದ ಬಿಸಿಲು. ಮೀನು ಬಿಸಿಲಿನಲ್ಲಿರಲಿ, ನೀವು ಪೂರ್ತಿ ಹೊತ್ತು ಅದರ ಜೊತೆ ಇರಬೇಕಿಲ್ಲ. ಹರಡುವುದು ಹತ್ತು ಗಂಟೆಯೊಳಗೆ ಮುಗಿಯಲಿ. ನಡುವೆ ಮಗುಚಲು ಹೋಗುವಾಗ ಕೊಡೆ, ಟವೆಲ್ ಇರಲಿ. ಕಾಗೆ, ನಾಯಿ ಕಾಯುವುದಕ್ಕೆ ನೆರಳಿನ ಒಂದು ಚಪ್ಪರ ಹಾಕಿಕೊಳ್ಳಿ. ಮರಳಿನ ಬದಲು ಸೊಂಟದ ಎತ್ತರದ ಅಟ್ಟಣಿಗೆಯ ಮೇಲೆ ಬಲೆ ಹಾಸಿ ಒಣಗಿಸಿದರೆ ಮೀನಿಗೆ ಮರಳು ಮೆತ್ತುವುದಿಲ್ಲ, ಬೇಗ ಒಣಗುತ್ತದೆ, ನೀವು ಬಗ್ಗಿ ಕುತ್ತಿಗೆಯನ್ನು ಬಿಸಿಲಿಗೆ ಒಡ್ಡುವುದೂ ತಪ್ಪುತ್ತದೆ.

ಈಗ ಸುಟ್ಟಾಯಿತು ಅಂತ ಇಟ್ಟುಕೊಳ್ಳಿ. ಏನು ಮಾಡಬೇಕು?

ನಮ್ಮ ಜಿಲ್ಲೆಯವರು ಮೊದಲು ಮಾಡುವುದು ಬಚ್ಚಲಿಗೆ ಹೋಗುವುದು. ಹಂಡೆಯಲ್ಲಿ ನೀರು ಕಾದಿರುತ್ತದೆ. ದಣಿದು ಬಂದಿದ್ದೇವೆ, ಮೈತುಂಬ ಬಿಸಿನೀರು ಹೊಯ್ದುಕೊಂಡರೆ ಸುಸ್ತು ಇಳಿಯುತ್ತದೆ ಅಂತ ಎರಡು ಚೊಂಬು ಸುರಿಯುತ್ತಾರೆ. ಸುಟ್ಟ ಚರ್ಮಕ್ಕೆ ಅದು ಶಿಕ್ಷೆ. ಆ ದಿನ ಹಂಡೆಯ ಸಹವಾಸ ಬೇಡ. ಬಾವಿಯ ತಣ್ಣೀರು, ನಲ್ಲಿಯ ತಣ್ಣೀರು ಸಾಕು. ಮೈಮೇಲಿನ ಉಪ್ಪು, ಮರಳು ಹೋಗುವಷ್ಟು ಮೆಲ್ಲಗೆ ಹೊಯ್ದುಕೊಳ್ಳಿ. ಸಾಬೂನು, ತೆಂಗಿನ ನಾರು, ಉಜ್ಜುವ ಕಲ್ಲು ಯಾವುದೂ ಬೇಡ. ಟವೆಲಿನಿಂದ ತಿಕ್ಕಬೇಡಿ, ಒತ್ತಿ ಒರೆಸಿ.

ಆಮೇಲೆ ಹಳೆಯ ಮೆತ್ತನೆಯ ಹತ್ತಿ ಬಟ್ಟೆಯನ್ನು ತಣ್ಣೀರಲ್ಲಿ ಅದ್ದಿ, ಹಿಂಡಿ, ಉರಿಯುವ ಜಾಗಕ್ಕೆ ಹಾಕಿ. ಹತ್ತು ಹದಿನೈದು ನಿಮಿಷ. ಬಿಸಿಯಾದರೆ ಮತ್ತೆ ಅದ್ದಿ. ದಿನಕ್ಕೆ ಮೂರ್ನಾಲ್ಕು ಸಲ. ಮನೆಮದ್ದಿನಲ್ಲಿ ಮೊದಲನೆಯದು ಇದು. ಎರಡನೆಯದಕ್ಕೂ ಇದಕ್ಕೂ ಬಹಳ ಅಂತರ ಇದೆ. ಇಷ್ಟೇನಾ ಅಂತ ಮುಖ ಸಣ್ಣ ಮಾಡಬೇಡಿ. ಸೊಪ್ಪು, ಬೇರು, ಅರೆದ ಲೇಪ ಅಂದರೆ ಮದ್ದು ಅನ್ನಿಸುತ್ತದೆ, ಬಾವಿನೀರು ಅಂದರೆ ಅನ್ನಿಸುವುದಿಲ್ಲ. ಐಸ್ ಮಾತ್ರ ನೇರ ಇಡಬೇಡಿ. ಮೊದಲೇ ನೊಂದ ಚರ್ಮಕ್ಕೆ ಅದು ಇನ್ನೊಂದು ಪೆಟ್ಟು.

ತಣ್ಣನೆಯ ಹಾಲಿಗೆ ಅಷ್ಟೇ ನೀರು ಬೆರೆಸಿ ಅದರಲ್ಲಿ ಬಟ್ಟೆ ಅದ್ದಿ ಹಾಕುವುದೂ ಇದೆ, ಅದು ಹಿತ. ಮಜ್ಜಿಗೆಯನ್ನೂ ಹಾಕುತ್ತಾರೆ. ತಂಪಾಗಿರುವುದರಿಂದ ಆರಾಮ ಕೊಡುತ್ತದೆ, ಅದಕ್ಕಿಂತ ದೊಡ್ಡ ಗುಣ ಅದಕ್ಕಿದೆ ಅಂತ ನಾನು ಹೇಳಲಾರೆ. ಹುಳಿ ಮಜ್ಜಿಗೆ ಬೇಡ, ಒಗ್ಗರಣೆ ಹಾಕಿದ್ದಂತೂ ಬೇಡವೇ ಬೇಡ. ನಗಬೇಡಿ, ಉಪ್ಪು, ಶುಂಠಿ, ಹಸಿಮೆಣಸು ಹಾಕಿಟ್ಟ ಮಜ್ಜಿಗೆಯನ್ನೇ ಹಚ್ಚಿಕೊಂಡು ಕಿರುಚಿದವರನ್ನು ನೋಡಿದ್ದೇನೆ. ಗಂಜಿ ತಿಳಿಯೂ ಹಾಗೇ. ತಣ್ಣಗಾದ, ಉಪ್ಪು ಹಾಕದ ತಿಳಿಯಾದರೆ ತೊಂದರೆಯಿಲ್ಲ. ಚರ್ಮ ಒಡೆದಿದ್ದರೆ, ಗುಳ್ಳೆ ಬಿದ್ದಿದ್ದರೆ ಹಾಲು, ಮಜ್ಜಿಗೆ, ಗಂಜಿ ಯಾವುದನ್ನೂ ತಾಗಿಸಬೇಡಿ. ಶುದ್ಧ ನೀರು ಮಾತ್ರ.

ಲೋಳೆಸರದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಎಲ್ಲರ ಅಂಗಳದಲ್ಲೂ ಇದೆ, ಎಲ್ಲರೂ ಹಚ್ಚುತ್ತಾರೆ, ಹಚ್ಚುವ ಕ್ರಮ ಮಾತ್ರ ಹೆಚ್ಚಿನವರದ್ದು ಸರಿಯಿಲ್ಲ. ಎಲೆ ಮುರಿದು ನೇರ ಉಜ್ಜುತ್ತಾರೆ. ಎಲೆಯ ಸಿಪ್ಪೆಗೂ ಒಳಗಿನ ಲೋಳೆಗೂ ನಡುವೆ ಒಂದು ಹಳದಿ ರಸ ಇದೆ. ಕಹಿ, ವಾಸನೆ. ಅದು ಕೆಲವರ ಚರ್ಮಕ್ಕೆ ತುರಿಕೆ, ಉರಿ ತರುತ್ತದೆ. ಹಾಗಾಗಿ ಬುಡದ ಕಡೆಯ ದಪ್ಪ ಎಲೆಯನ್ನು ಕೊಯ್ದು, ಕೊಯ್ದ ಬದಿ ಕೆಳಗೆ ಮಾಡಿ ಒಂದು ಲೋಟದಲ್ಲಿ ಹದಿನೈದು ನಿಮಿಷ ನಿಲ್ಲಿಸಿ. ಲೋಟದ ತಳದಲ್ಲಿ ಹಳದಿ ನೀರು ಇಳಿದಿರುತ್ತದೆ, ಚೆಲ್ಲಿ. ಎರಡೂ ಅಂಚಿನ ಮುಳ್ಳು ಹೆರೆದು, ಒಂದು ಬದಿಯ ಸಿಪ್ಪೆ ತೆಗೆಯಿರಿ. ಒಳಗಿನ ಗಾಜಿನಂಥ ಲೋಳೆಯನ್ನು ಚಮಚದಿಂದ ಎತ್ತಿ ನೀರಲ್ಲಿ ಒಮ್ಮೆ ತೊಳೆಯಿರಿ. ಮೊಣಕೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಅರ್ಧ ತಾಸು ಕಾಯಿರಿ. ತುರಿಕೆ ಇಲ್ಲದಿದ್ದರೆ ಸುಟ್ಟ ಜಾಗಕ್ಕೆ ತೆಳುವಾಗಿ ಸವರಿ. ಫ್ರಿಜ್ಜಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಇನ್ನೂ ಹಿತ. ಉಳಿದಿದ್ದು ಮಾರನೆಯ ದಿನಕ್ಕೆ ಬೇಡ, ಹೊಸ ಎಲೆ ಕೊಯ್ಯಿರಿ. ಲೋಳೆಸರ ಉರಿ ತಗ್ಗಿಸುತ್ತದೆ, ತೇವ ಇಡುತ್ತದೆ. ಒಳಗೆ ಕೆಟ್ಟ ಕೋಶವನ್ನು ಸರಿ ಮಾಡುವುದಿಲ್ಲ. ಆ ಕೆಲಸ ದೇಹದ್ದೇ.

ಎಣ್ಣೆ, ತುಪ್ಪದ ವಿಷಯದಲ್ಲಿ ಹೊತ್ತು ಮುಖ್ಯ. ಬಿಸಿಯಿರುವ ಚರ್ಮಕ್ಕೆ ಮೊದಲ ದಿನವೇ ತೆಂಗಿನೆಣ್ಣೆ ಮೆತ್ತಿದರೆ ಶಾಖ ಹೊರಗೆ ಹೋಗಲು ಬಿಡುವುದಿಲ್ಲ. ಎರಡು ಮೂರು ದಿನ ಕಳೆದು ಉರಿ ಇಳಿದ ಮೇಲೆ ಚರ್ಮ ಒಣಗಿ ಬಿಗಿಯುತ್ತದೆ. ಎಣ್ಣೆಯ ಸರದಿ ಆಗ. ನಮ್ಮ ಮುರುಗಲು (ಕೋಕಂ) ತುಪ್ಪಕ್ಕೂ ಆಗಲೇ ಕೆಲಸ. ಪೇಟೆಯವರಿಗೆ ಈಗ ಇದು ದುಬಾರಿ ಕ್ರೀಮಿನೊಳಗೆ ಸಿಗುತ್ತದೆ. ಇಲ್ಲಿಯ ಹಿರಿಯರು ಮುರುಗಲು ಬೀಜ ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ ಜಿಡ್ಡನ್ನು ತೆಗೆದು ಉಂಡೆ ಕಟ್ಟಿ ಇಡುತ್ತಿದ್ದರು. ಹಿಮ್ಮಡಿ ಒಡೆದರೆ ಅದು, ತುಟಿ ಒಡೆದರೆ ಅದು. ಉಂಡೆ ಗಟ್ಟಿಯಿರುತ್ತದೆ. ಚೂರು ಮುರಿದು ಅಂಗೈಗಳ ನಡುವೆ ಉಜ್ಜಿದರೆ ಮೈಬಿಸಿಗೆ ಮೆಲ್ಲಗೆ ಕರಗುತ್ತದೆ. ಸಿಪ್ಪೆ ಏಳುವ ಹೊತ್ತಿಗೆ ತೆಳುವಾಗಿ ಸವರಿ. ಏಳುತ್ತಿರುವ ಸಿಪ್ಪೆ ಕೀಳಬೇಡಿ, ಎಷ್ಟು ಆಸೆಯಾದರೂ. ಅದರ ಕೆಳಗಿನ ಚರ್ಮ ಇನ್ನೂ ಎಳಸು. ಅದನ್ನು ವಾರಗಟ್ಟಲೆ ಬಿಸಿಲಿಗೆ ತೋರಿಸಬಾರದು.

ಕುಡಿಯುವುದರ ಬಗ್ಗೆ. ಸುಟ್ಟಾಗ ದೇಹದ ನೀರು ಚರ್ಮದ ಕಡೆ ಹರಿಯುತ್ತದೆ. ಬಾಯಾರುತ್ತದೆ, ತಲೆ ನೋಯುತ್ತದೆ. ಎಳನೀರು, ಮಜ್ಜಿಗೆ, ಮುರುಗಲು ಮತ್ತು ತೆಂಗಿನ ಹಾಲಿನ ಸೋಲಕಡಿ, ಒಂದೆಲಗದ ತಂಬುಳಿ ಎಲ್ಲ ಒಳ್ಳೆಯದು. ಶಿರಸಿ ಕಡೆ ಮನೆಗೆ ಬಂದವರಿಗೆ ಆಸ್ರಿಗೆ, ಅಂದರೆ ಬಾಯಾರಿಕೆಗೆ, ಏನು ಬೇಕು ಅಂತ ಕೇಳಿ ಬೆಲ್ಲ, ನೀರು ಕೊಡುತ್ತಾರಲ್ಲ, ಬಿಸಿಲಿನಲ್ಲಿ ನಡೆದು ಬಂದವರಿಗೆ ಅದು ಬಹಳ ಸರಿಯಾದ ಉಪಚಾರ. ಸೋಲಕಡಿ ಕುಡಿದರೆ ಬೆನ್ನಿನ ಉರಿ ಇಳಿಯುತ್ತದೆ ಅಂತ ಮಾತ್ರ ನಂಬಬೇಡಿ. ಅದು ಬಾಯಾರಿಕೆಗೆ, ಬೆನ್ನಿಗಲ್ಲ. ಬಿಯರ್ ಕುಡಿದು ಬೀಚಿನಲ್ಲಿ ಮಲಗುವವರು ನೀರನ್ನೂ ಕಳೆದುಕೊಳ್ಳುತ್ತಾರೆ, ಗಂಟೆಯ ಲೆಕ್ಕವನ್ನೂ.

ಇನ್ನು ಪಕ್ಕದ ಡಬ್ಬ. ಟೂತ್‌ಪೇಸ್ಟ್ ಬೇಡ. ಅಡುಗೆ ಸೋಡಾ ಬೇಡ. ವಿನಿಗರ್ ಬೇಡ. ಅರಿಶಿನ ಉಜ್ಜಬೇಡಿ. ಹಸಿ ಚರ್ಮವನ್ನು ಅದು ಕೆರಳಿಸುತ್ತದೆ, ಮೇಲಿಂದ ಬಣ್ಣ ಮುಚ್ಚಿ ಎಷ್ಟು ಸುಟ್ಟಿದೆ ಅಂತ ನೋಡಲೂ ಬಿಡುವುದಿಲ್ಲ. ಮುಲ್ತಾನಿ ಮಿಟ್ಟಿ ಒಣಗುತ್ತಾ ಚರ್ಮದ ತೇವವನ್ನೇ ಎಳೆಯುತ್ತದೆ. ಇವೆಲ್ಲಕ್ಕಿಂತ ಕೆಟ್ಟದ್ದು ಲಿಂಬೆ. ಮುಖ ಕಪ್ಪಾಯಿತು ಅಂತ ಹುಡುಗಿಯರು ಲಿಂಬೆ ಹೋಳು ಉಜ್ಜಿಕೊಂಡು ಹೊರಗೆ ಹೊರಡುತ್ತಾರೆ. ಲಿಂಬೆಯಲ್ಲಿ, ಅದರಲ್ಲೂ ಸಿಪ್ಪೆಯಲ್ಲಿ ಇರುವ ಕೆಲವು ರಾಸಾಯನಿಕಗಳು ಬಿಸಿಲು ತಾಗಿದಾಗ ಚರ್ಮವನ್ನು ಸುಡುತ್ತವೆ. ಒಂದೆರಡು ದಿನಕ್ಕೆ ಕೆಂಪಾಗಿ ಗುಳ್ಳೆ ಬರುತ್ತದೆ, ಆಮೇಲೆ ಕಂದು ಕಲೆ. ಆ ಕಲೆ ವಾರಗಳಲ್ಲ, ತಿಂಗಳುಗಟ್ಟಲೆ ಉಳಿಯಬಹುದು. ಬೀಚಿನಲ್ಲಿ ಲಿಂಬು ಸೋಡಾ ಮಾಡುವ ಹುಡುಗರ ಕೈ ನೋಡಿ. ರಸ ಹರಿದ ದಾರಿಯೇ ಕಂದು ಗೆರೆಯಾಗಿ ಮುಂಗೈ ಮೇಲೆ ಇಳಿದಿರುತ್ತದೆ. ಹಿಂಡಿದ ಕೂಡಲೇ ಸಾಬೂನು ಹಾಕಿ ತೊಳೆಯಿರಿ, ಅಷ್ಟು ಸಾಕು.

ಗೇರು ಸೊನೆ, ಮಾವಿನ ಸೊನೆ ತಾಗಿದ್ದನ್ನೂ ಬಿಸಿಲು ಅಂದುಕೊಳ್ಳುವವರಿದ್ದಾರೆ. ಏಪ್ರಿಲ್, ಮೇಯಲ್ಲಿ ಮೂರೂ ಒಟ್ಟಿಗೇ ಬರುತ್ತವೆ. ಸೊನೆಯ ಗುಳ್ಳೆ ಹನಿ ಬಿದ್ದ ಜಾಗದಲ್ಲಿ ಮಾತ್ರ ಇರುತ್ತದೆ. ಬಿಸಿಲಿನದ್ದು ಬಟ್ಟೆಯ ಅಂಚಿಗೆ ಗೆರೆ ಎಳೆದ ಹಾಗೆ ನಿಲ್ಲುತ್ತದೆ.

ಯಾವಾಗ ಮನೆಮದ್ದು ಬಿಟ್ಟು ಆಸ್ಪತ್ರೆಗೆ ಹೋಗಬೇಕು? ದೊಡ್ಡ ಜಾಗದಲ್ಲಿ ಗುಳ್ಳೆ ಎದ್ದರೆ. ಜ್ವರ, ಚಳಿ ನಡುಕ, ವಾಂತಿ ಬಂದರೆ. ಕಣ್ಣು ನೋಯಲು ಶುರುವಾದರೆ. ಕೀವು ಕಂಡರೆ. ಹಸುಗೂಸಿಗೆ ಸುಟ್ಟರೆ ಏನೂ ಕಾಯದೆ ಹೋಗಿ. ಮಾತು ತೊದಲಿದರೆ, ತಲೆ ಗೊಂದಲವಾದರೆ ಅದು ಚರ್ಮದ ವಿಷಯವೇ ಅಲ್ಲ, ಬಿಸಿಲಾಘಾತ. ನೆರಳಿಗೆ ಎಳೆದು, ಮೈಗೆ ನೀರು ಹೊಯ್ದು, ಗಾಳಿ ಬೀಸುತ್ತಲೇ 108ಕ್ಕೆ ಫೋನ್ ಮಾಡಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಗುಳ್ಳೆಯನ್ನು ಸೂಜಿಯಿಂದ ಚುಚ್ಚುವ ಚಾಳಿ ಬಿಡಿ. ಆ ಪೊರೆಯೇ ಒಳಗಿನ ಹಸಿ ಚರ್ಮಕ್ಕೆ ಬ್ಯಾಂಡೇಜು. ತಾನಾಗಿ ಒಡೆದರೆ ಸಾಬೂನು ನೀರಲ್ಲಿ ಮೆಲ್ಲಗೆ ತೊಳೆದು, ತೆಳುವಾಗಿ ವ್ಯಾಸಲೀನ್ ಸವರಿ, ಶುದ್ಧ ಬಟ್ಟೆ ಮುಚ್ಚಿ.

ನನ್ನ ಮಾತು ಇಷ್ಟು. ಕೇಳಿದ ಪ್ರಶ್ನೆಗಳು ಇವು.

ದೋಣಿಯ ಹುಡುಗನೊಬ್ಬ ಸನ್‌ಸ್ಕ್ರೀನ್ ಸುಮ್ನೆ ದುಡ್ಡು ದಂಡವಾ ಅಂತ ಕೇಳಿದ. ದಂಡವಲ್ಲ, ಹಚ್ಚುವ ಕ್ರಮ ತಪ್ಪಿದರೆ ದಂಡ. ಡಬ್ಬದ ಮೇಲಿನ ಎಸ್‌ಪಿಎಫ್ ಸಂಖ್ಯೆ ನೋಡಿ. 15 ಇದ್ದರೆ ಯುವಿಬಿಯಲ್ಲಿ ಸುಮಾರು ನೂರಕ್ಕೆ 93 ತಡೆಯುತ್ತದೆ, 30 ಇದ್ದರೆ 97, 50 ಇದ್ದರೆ 98. 30ರಿಂದ 50ಕ್ಕೆ ಹೋದರೆ ಸಿಗುವುದು ಒಂದೇ ಅಂಕ, ನೋಡಿದ್ರಾ? 30 ಸಾಕು, ಯುವಿಎಯನ್ನೂ ತಡೆಯುತ್ತದೆ ಅಂತ ಬರೆದಿರಲಿ. ಆದರೆ ಈ ಲೆಕ್ಕ ದಪ್ಪಗೆ ಹಚ್ಚಿದಾಗಿನದ್ದು. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಗೆರೆ ಎಳೆದಷ್ಟು ಕ್ರೀಮು ಮುಖ, ಕುತ್ತಿಗೆಗೆ ಬೇಕು. ಹೊರಡುವ ಇಪ್ಪತ್ತು ನಿಮಿಷ ಮೊದಲು ಹಚ್ಚಿ, ಎರಡು ತಾಸಿಗೊಮ್ಮೆ ಮತ್ತೆ ಹಚ್ಚಿ, ನೀರಿಗೆ ಇಳಿದು ಬಂದ ಕೂಡಲೇ ಇನ್ನೊಮ್ಮೆ. ಮೈಪೂರ್ತಿ ಹಾಗೆ ಹಚ್ಚಿದರೆ ಟ್ಯೂಬು ಎಷ್ಟು ದಿನ ಬಂದೀತು? ಅದಕ್ಕೇ ಮೈಗೆ ಅಂಗಿ; ಮುಖ, ಕಿವಿ, ಕೈಯ ಮೇಲ್ಭಾಗಕ್ಕೆ ಕ್ರೀಮು ಅಂದೆ. ತೆಂಗಿನೆಣ್ಣೆಯನ್ನು ಸನ್‌ಸ್ಕ್ರೀನ್ ಅಂತ ನಂಬಿ ಹೊರಡಬೇಡ ತಮ್ಮಾ.

ಶಿರಸಿಯ ಒಬ್ಬರು, ಮಗುವಿಗೆ ಎಣ್ಣೆ ತಿಕ್ಕಿ ಎಳೆಬಿಸಿಲಿಗೆ ಮಲಗಿಸುತ್ತೇವೆ, ಬಿಡಬೇಕಾ ಅಂದರು. ಮುಂಜಾನೆಯ ಎಳೆಬಿಸಿಲಿಗೆ ಸ್ವಲ್ಪ ಹೊತ್ತು ತೊಂದರೆಯಿಲ್ಲ. ಬಾಣಂತಿಯ ಊಟ, ಸ್ನಾನ ಮುಗಿಯುವ ತನಕ ಅಲ್ಲೇ ಬಿಡುವುದು ಬೇಡ. ಆರು ತಿಂಗಳೊಳಗಿನ ಮಗುವಿಗೆ ಸನ್‌ಸ್ಕ್ರೀನ್ ಹಚ್ಚುವುದಿಲ್ಲ, ನೆರಳು ಮತ್ತು ಬಟ್ಟೆಯೇ ರಕ್ಷಣೆ.

ಮೀನು ಮಾರುವ ಅಕ್ಕನೊಬ್ಬಳು, ಬಿಪಿ ಮಾತ್ರೆ ಶುರುವಾದ ಮೇಲೆ ಬಿಸಿಲು ಮೊದಲಿಗಿಂತ ಜಾಸ್ತಿ ಸುಡುತ್ತದೆ ಅಂದಳು. ಸಭೆಯ ಒಳ್ಳೆಯ ಪ್ರಶ್ನೆ ಇದೇ. ಕೆಲವು ಔಷಧಗಳು ಚರ್ಮವನ್ನು ಬಿಸಿಲಿಗೆ ಸೂಕ್ಷ್ಮ ಮಾಡುತ್ತವೆ. ಬಿಪಿಗೆ ಕೊಡುವ ಹೈಡ್ರೋಕ್ಲೋರೋಥಯಜೈಡ್ ಅದರಲ್ಲೊಂದು, ಇಲಿ ಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಇನ್ನೊಂದು. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಚೀಟಿ ಹಿಡಿದು ಡಾಕ್ಟರ ಹತ್ತಿರ ಹೋಗಿ, ಬಿಸಿಲಿನಲ್ಲಿ ಕೆಲಸ ಅಂತ ಬಾಯಿ ಬಿಟ್ಟು ಹೇಳಿ. ಹೇಳದಿದ್ದರೆ ಅವರಿಗೆ ಗೊತ್ತಾಗುವುದಿಲ್ಲ.

ಕೊನೆಗೆ ಒಬ್ಬ ಹಿರಿಯ ಮೀನುಗಾರರು ಕಣ್ಣು ತೋರಿಸಿದರು. ಮೂಗಿನ ಕಡೆಯಿಂದ ಕಪ್ಪುಗುಡ್ಡೆಯ ಮೇಲೆ ತೆಳು ಮಾಂಸದ ಪೊರೆ ಹತ್ತಿತ್ತು. ವರ್ಷಗಟ್ಟಲೆ ಬಿಸಿಲು, ಗಾಳಿ, ಉಪ್ಪಿನಲ್ಲಿ ದುಡಿದವರಲ್ಲಿ ಇದು ಕಾಣುತ್ತದೆ. ಕಣ್ಣಿನ ಡಾಕ್ಟರಿಗೆ ತೋರಿಸಲೇಬೇಕು, ಮನೆಮದ್ದು ಹಾಕಲೇಬಾರದು. ಜೇನು, ಈರುಳ್ಳಿ ರಸ ಯಾವುದೂ ಬೇಡ ಅಂದೆ. ಅವರ ಮಗ ಬೀಚಿನಲ್ಲಿ ಕೊಂಡ ಕಪ್ಪು ಕನ್ನಡಕ ಹಾಕಿದ್ದ. ಅದು ಸಾಕಾ ಅಂತ ಕೇಳಿದ. ಗಾಜು ಕಪ್ಪಗಿದ್ದ ಮಾತ್ರಕ್ಕೆ ಯುವಿ ತಡೆಯುವುದಿಲ್ಲ. ಬರೀ ಕಪ್ಪು ಗಾಜಿನ ಹಿಂದೆ ಕಣ್ಣಿನ ಪಾಪೆ ಅಗಲವಾಗಿ ತೆರೆದು ಒಳಗೆ ಇನ್ನೂ ಜಾಸ್ತಿ ಯುವಿ ಹೋಗಬಹುದು. ಕೊಳ್ಳುವಾಗ ಯುವಿ 400 ಅಂತ ಬರೆದಿದೆಯಾ ನೋಡಬೇಕು, ಬದಿಯಿಂದ ಬೆಳಕು ನುಗ್ಗದ ಹಾಗೆ ಮುಖಕ್ಕೆ ಒತ್ತಿ ಕೂರುವಂಥದ್ದು ಆರಿಸಬೇಕು. ಅಪ್ಪನಿಗೂ ಒಂದು ತೆಗೆದುಕೊಡು ಅಂದೆ.